ನಲ್ಲಿಗೆ ಕಟ್ಟಿದ ದಾರ

ಟಪ್ — ಆಮೇಲೆ ಏನೂ ಇಲ್ಲ, ಇನ್ನು ಬೀಳುವುದಿಲ್ಲ ಎಂದು ಕಿವಿ ನಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಮತ್ತೆ, ಟಪ್ — ಬಚ್ಚಲುಮನೆಯ ನಲ್ಲಿ, ಎಷ್ಟು ತಿರುಪಿದರೂ ಕೊನೆಯದೊಂದು ಹನಿಯನ್ನು ಹಟಕ್ಕೆ ಉಳಿಸಿಟ್ಟುಕೊಂಡು ಮನೆಯೆಲ್ಲ ಮಲಗಿದ ಮೇಲೆ ಬಿಡುವ ನಲ್ಲಿ, ಹಗಲೆಲ್ಲ ತೊಟ್ಟಿಕ್ಕಿದರೂ ಯಾರಿಗೂ ಕೇಳದು, ಈಗ ಮಾತ್ರ ಹೆಸರು ಹಿಡಿದು ಕರೆದಂತೆ ಕೇಳುತ್ತದೆ, ಅದೂ ಹನಿ ಬೀಳುತ್ತಿರುವುದು ನೆಲಕ್ಕಲ್ಲ, ಟಬ್ಬಿಗೆ, ಬಟ್ಟೆ ನೆನೆಸುವ ನೀಲಿ ಟಬ್ಬಿಗೆ, ಅದರೊಳಗೆ ಮೂರು ಸೆನ್ಸರುಗಳು ಒಂದರ ಪಕ್ಕ ಒಂದು ಮುಳುಗಿ ಕೂತಿವೆ, ಗೇಣುದ್ದದ, ಹೆಬ್ಬೆರಳಿನಷ್ಟು ದಪ್ಪದ, ಸಮುದ್ರದ ನೀರಿನ ಬಿಸಿಯನ್ನು ಅಳೆದು ತಮ್ಮ ಹೊಟ್ಟೆಯಲ್ಲೇ ಬರೆದಿಟ್ಟುಕೊಳ್ಳುವ ಸಾಧನಗಳು, ಮೀನು ಸಾಕುವ ಗಾಜಿನ ತೊಟ್ಟಿಯ ಪುಟ್ಟ ಪಂಪೊಂದು ಗುಳುಗುಳು ಎಂದು ನೀರು ಕಲಕುತ್ತಿದೆ, ಟಬ್ಬಿನ ನೀರೆಲ್ಲ ಒಂದೇ ಹದಕ್ಕೆ ಬರಬೇಕು, ಮೇಲೆ ಬೆಚ್ಚಗೆ ಕೆಳಗೆ ತಣ್ಣಗೆ ಎಂದಾಗಬಾರದು, ಇಷ್ಟೆಲ್ಲ ಮಾಡಿಟ್ಟರೆ ಈ ಹಾಳು ನಲ್ಲಿ — ಇವಳು ಎದ್ದಳು, ತುದಿಗಾಲಲ್ಲಿ, ದೀಪ ಹಾಕದೆ, ತನ್ನ ಮನೆಯಲ್ಲೇ ಕಳ್ಳಿಯ ಹಾಗೆ. ಇಷ್ಟೊತ್ನಲ್ಲಿ ಯಾರಿಗೇ ಸ್ನಾನ ಮಾಡಿಸ್ತಿದೀಯ, ಒಳಕೋಣೆಯಿಂದ ಅಮ್ಮ, ಅಮ್ಮನ ನಿದ್ದೆಯೆಂದರೆ ಬೆಕ್ಕಿನ ನಿದ್ದೆ, ಯಂತ್ರಕ್ಕಮ್ಮ, ನೀನು ಮಲ್ಕೋ, ಯಂತ್ರಕ್ಕಾ, ಹಾಗಾದ್ರೆ ಬೆನ್ನು ಚೆನ್ನಾಗಿ ಉಜ್ಜು, ಕಿವಿ ಹಿಂದೆ ಮರೀಬೇಡ, ಅಲ್ವೇ, ನಿಮ್ಮ ಆಫೀಸಲ್ಲಿ ನೀರಿಲ್ವಾ, ಇದೆಯಮ್ಮ, ಮತ್ತೆ ಮನೆಗ್ಯಾಕೆ ಹೊತ್ಕೊಂಡು ಬಂದೆ — ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಉಕ್ಕಿನ ತೊಟ್ಟಿ ಇದೆ, ತಾನಾಗಿ ಕಲಕುವ ಮೋಟಾರಿದೆ, ಆದರೆ ಅಲ್ಲಿ ಕಣ್ಣುಗಳೂ ಇವೆ, ಕೆಟ್ಟದ್ದು ಅಂತ ನೀವೇ ಪೆಟ್ಟಿಗೆಗೆ ಹಾಕ್ಸಿದ್ರಲ್ಲ ಮೇಡಂ, ಈಗ್ಯಾಕೆ ತೆಗೆದ್ರಿ ಎಂದು ಯಾರಾದರೂ, ಮಾತಿಗೆ ಕೇಳಿದ ಹಾಗೆ ಕೇಳಿದರೂ ಸಾಕು, ಇವಳ ಮುಖ ಹೇಳಿಬಿಡುತ್ತದೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಅಮ್ಮ ಮೊನ್ನೆ ಧಾರಾವಾಹಿಯ ಯಾವನೋ ಗಂಡನಿಗೆ ಅಂದದ್ದು, ಟೀವಿಗೆ ಅಂದದ್ದು, ಇವಳ ಕೈ ತಾನಾಗಿ ಹೆಗಲಿಗೆ ಹೋಗಿತ್ತು. ದಾರ ಕಟ್ಟೇ ನಲ್ಲಿಗೆ, ಅಮ್ಮ ಮಗ್ಗುಲು ಬದಲಿಸಿದ ಸದ್ದು, ಹನಿ ದಾರ ಹಿಡ್ಕೊಂಡು ಇಳಿಯುತ್ತೆ, ಸದ್ದೇ ಬರಲ್ಲ, ನಿನ್ನಪ್ಪ ಇದ್ದಾಗಿಂದ್ಲೂ ಹಾಗೇ ಮಾಡ್ತಿದ್ದೆ, ನಲ್ಲಿ ರಿಪೇರಿ ಮಾಡ್ಸಿ ಅಂದ್ರೆ ನಾಳೆ ಅನ್ನೋರು, ದಾರ ಮಾತ್ರ ಅವತ್ತೇ ಸಿಗೋದು. ಹೊಲಿಗೆ ಡಬ್ಬಿಯಿಂದ ಬಿಳಿ ದಾರ, ನಲ್ಲಿಯ ಮೂತಿಗೆ ಎರಡು ಸುತ್ತು, ಇನ್ನೊಂದು ತುದಿಯನ್ನು ಟಬ್ಬಿನ ಆಚೆ, ನೀರು ಹೋಗುವ ತೂತಿನ ಕಡೆಗೆ — ಹನಿ ಮೂಡಿತು, ತೂಗಿತು, ಬೀಳಬೇಕಾದದ್ದು ಬೀಳದೆ ದಾರದ ಮೇಲೆ ಜಾರಿ ಹೋಯಿತು, ಸದ್ದಿಲ್ಲ, ಸೋರುವುದೇನೂ ನಿಂತಿಲ್ಲ, ಸದ್ದು ಮಾತ್ರ ಇಲ್ಲ.

ಮೂರರಲ್ಲಿ ಎರಡು ಒಳ್ಳೆಯವು, ಹೋಲಿಸಿ ನೋಡಲು ತಂದವು, ಮೂರನೆಯದೇ ಇದು, ಮೈಮೇಲೆ ಇನ್ನೂ ಒಣಗಿದ ಸಿಂಪಿಯ ಬಿಳಿ ಕಲೆ, ಕಳೆದ ಋತುವಿನಲ್ಲಿ ಸಮುದ್ರದ ತಳದ ಹತ್ತಿರ ಕೂತಿದ್ದದ್ದು — ಒಂದು ಹಗ್ಗ, ತುದಿಯಲ್ಲಿ ತೇಲುವ ಕಿತ್ತಳೆ ಬಣ್ಣದ ಗೋಳ, ಬುಡದಲ್ಲಿ ಭಾರದ ಕಲ್ಲು, ನಡುವೆ ಮೇಲೊಂದು, ಮಧ್ಯಕ್ಕೊಂದು, ತಳಕ್ಕೊಂದು ಸೆನ್ಸರು, ಋತು ಮುಗಿದ ಮೇಲೆ ಹಗ್ಗ ಎಳೆದುಕೊಂಡು ಬರಲು ಹೋದ ದಿನ ಎಂಥ ಬಿಸಿಲು, ದೋಣಿಯ ಮರ ಕಾದು ಕಾಲಿಡಲಾಗುತ್ತಿರಲಿಲ್ಲ, ಗುಬ್ಬಿ ಬರಿಗಾಲಲ್ಲಿ ಕುಣಿಯುತ್ತಾ ಓಡಾಡುತ್ತಿದ್ದಳು, ಗುಬ್ಬಿ, ಯೋಜನೆಗೆಂದು ಗುತ್ತಿಗೆಯ ಮೇಲೆ ತೆಗೆದುಕೊಂಡ ಸಂಶೋಧನಾ ಸಹಾಯಕಿ, ಸಣ್ಣ ಮೈ, ಬಿಡುವಿಲ್ಲದ ಬಾಯಿ, ಬಂದ ವಾರಕ್ಕೇ ಇಡೀ ಸಂಸ್ಥೆ ಇಟ್ಟ ಹೆಸರು ಅದು, ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡ್ಬೇಡಿ ಮೇಡಂ ಅನ್ನುತ್ತಿದ್ದಳು ಇವಳು ರೇಗಿದಾಗ, ರೇಗಿದ್ದು ಅಲ್ಲಿಗೇ ನಗುವಾಗುತ್ತಿತ್ತು, ಹಗ್ಗ ಎಳೆಯುವ ಮುಂಚೆ ತಳದ ನೀರಿನ ಮಾದರಿ ತೆಗೆಯಬೇಕು, ಆಳದಲ್ಲಿ ಬಾಯಿ ಮುಚ್ಚಿಕೊಳ್ಳುವ ಕೊಳವೆಯನ್ನು ಇಳಿಸಿ ಎಳೆದು, ಬಾಟಲಿಗಳಿಗೆ ತುಂಬಿ ಉಳಿದದ್ದನ್ನು ಬಕೆಟ್ಟಿಗೆ ಸುರಿದಳು, ಸುರಿದವಳು ಬಕೆಟ್ಟಿಗೆ ಕೈ ಇಟ್ಟಳು, ಸುಮ್ಮನಾದಳು, ಗುಬ್ಬಿ ಸುಮ್ಮನಾದದ್ದೇ ಒಂದು ಸುದ್ದಿ, ಮೇಡಂ, ಇದು ಬೆಚ್ಚಗಿದೆ. ತಳದ ನೀರು ಕೈ ಕಚ್ಚಬೇಕು ಅಲ್ವಾ ಮೇಡಂ, ಪ್ರತಿಸಲ ಬೆರಳು ಮರಗಟ್ಟೋದು, ಇದು ಕಚ್ತಿಲ್ಲ, ಬಿಸಿಲಲ್ಲಿ ನಿಂತ ಬಕೆಟ್ಟು ಕಣೇ, ಬೆಚ್ಚಗಿರದೆ ಇನ್ನೇನು, ಈಗ್ತಾನೆ ಸುರಿದದ್ದು ಮೇಡಂ, ಒಂದ್ಸಲ ಕೈ ಇಟ್ಟು ನೋಡಿ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಒಂದೇ ಒಂದ್ಸಲ — ಇವಳ ಕೈಯಲ್ಲಿ ರಬ್ಬರಿನ ಕೈಗವಸು, ಕಳಚಬೇಕು, ಮತ್ತೆ ತೊಡಬೇಕು, ಬೆವರಿದ ಕೈಗೆ ಅದು ಹತ್ತುವುದಿಲ್ಲ, ಇಷ್ಟೇ ಕಾರಣ, ದೇವರಾಣೆಗೂ ಇಷ್ಟೇ, ಕೈಯೇನು ಸೆನ್ಸರ್ರೇನೇ, ನಿನ್ನ ಕೈಯನ್ನ ಯಾವ ಪ್ರಯೋಗಾಲಯದಲ್ಲಿ ತಪಾಸಣೆ ಮಾಡ್ಸಿದೀಯ — ದೋಣಿ ನಡೆಸುವವನು ನಕ್ಕ, ಇವಳಿಗೂ ತನ್ನ ಮಾತು ಚೆನ್ನಾಗಿ ಕೂತಿತು ಎನ್ನಿಸಿತು, ಗುಬ್ಬಿಯೂ ನಕ್ಕಳು, ನಗುತ್ತಲೇ ನಿಂತಳು, ಒದ್ದೆ ಕೈ ಮುಂದೆ ಚಾಚಿಕೊಂಡೇ, ಅಂಗೈ ಮೇಲಾಗಿ, ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದವಳಂತೆ.

ದಡಕ್ಕೆ ಬರುವಷ್ಟರಲ್ಲಿ ಸಂಜೆ, ಪ್ರಯೋಗಾಲಯದಲ್ಲಿ ಸೆನ್ಸರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಮೇಲಿನದು ಸರಿ, ಮಧ್ಯದ್ದು ಸರಿ, ತಳದ್ದು ಮಾತ್ರ ಋತುವಿನ ನಡುವಿನಲ್ಲಿ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿ, ವಾರಗಟ್ಟಲೆ, ಎತ್ತಿದ ದಿನದವರೆಗೂ ಅಲ್ಲೇ, ಮೇಲ್ನೀರಿನಷ್ಟೇ ಬೆಚ್ಚಗೆ, ನೋಡಿ ಮೇಡಂ ನಾನು ಹೇಳ್ಲಿಲ್ವಾ ಎಂದು ಗುಬ್ಬಿ ಕುರ್ಚಿಯಿಂದ ಎದ್ದೇಬಿಟ್ಟಳು, ನೋಡಿದೆ, ಕೆಟ್ಟು ಕೂತಿದೆ, ತಳದಲ್ಲಿ ಅಷ್ಟು ಬಿಸಿ ಎಲ್ಲಿಂದ ಬರ್ಬೇಕು, ಇಬ್ಬರು ಒಂದು ಹೇಳಿ ಮೂರನೆಯವನು ಇನ್ನೊಂದು ಹೇಳಿದ್ರೆ ಮೂರನೆಯವನದ್ದೇ ತಪ್ಪು. ಹೀಗೇ ಅಂದಿದ್ದಳು, ಇಬ್ಬರು ಬೇರೆ ಬೇರೆ ಆಳದಲ್ಲಿ ಕೂತಿದ್ದವರು ಮೂರನೆಯವನಿಗೆ ಸಾಕ್ಷಿ ಹೇಳಲಾರರು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು, ಇವಳೇ ಪಾಠ ಹೇಳಿದ್ದು, ಅದಕ್ಕೇ ಅಲ್ಲವೇ ತೊಟ್ಟಿ ಇರುವುದು, ನೀರಿಗೆ ಇಳಿಸುವ ಮುಂಚೆ ಒಮ್ಮೆ, ಮೇಲೆತ್ತಿದ ಮೇಲೆ ಇನ್ನೊಮ್ಮೆ, ಎಲ್ಲವನ್ನೂ ಒಂದೇ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು ಒಂದೇ ಮಾತು ಹೇಳುತ್ತವೆಯೇ ನೋಡುವುದು, ಮುಂಚಿನದು ಗುಬ್ಬಿ ಮಾಡಿದ್ದಳು, ನಂತರದ್ದು — ನಾನು ಉಳ್ಕೊಂಡು ಹಾಕ್ತೀನಿ ಮೇಡಂ, ನಂಗೇನು, ಮನೇಲಿ ಯಾರು ಕಾಯ್ತಿದಾರೆ, ಬೇಡ, ನಾಳೆ ಬೆಳಿಗ್ಗೆ ವಿಮಾನ ಹಿಡೀಬೇಕು ನಾನು, ಬೀಗದ ಕೈ ನಿನ್ನ ಹತ್ರ ಬಿಟ್ಟು ಹೋಗೋಕಾಗಲ್ಲ, ಪೆಟ್ಟಿಗೆಗೆ ಹಾಕು, ಮೇಲೆ ಕೆಟ್ಟದ್ದು ಅಂತ ಚೀಟಿ ಅಂಟಿಸು. ಗುಬ್ಬಿಯೇ ಅಂಟಿಸಿದಳು, ಚೀಟಿಯ ಮೂಲೆಗಳನ್ನು ಉಗುರಿನಿಂದ ಒತ್ತಿ ಒತ್ತಿ.

ಆಮೇಲಿನದು ಒಂದು ವಾಕ್ಯದ ಕೆಲಸ. ವರದಿ ಕೇಳಿದರು, ತಳದ ದತ್ತಾಂಶ ಯಾಕಿಲ್ಲ ಎಂದು ಕೇಳಿಯೇ ಕೇಳುತ್ತಾರೆ, ಇವಳು ಕೂತು ಬರೆದಳು, ಅಳಿಸಿದಳು, ಬರೆದಳು, ಸಾಧನವನ್ನು ನೀರಿಗಿಳಿಸುವ ಮುನ್ನ ಸಿಬ್ಬಂದಿಯು ನಡೆಸಿದ ತಪಾಸಣೆಯಲ್ಲಿ ಲೋಪವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು — ಒಂದು ಪದವೂ ಸುಳ್ಳಲ್ಲ, ಇವಳು ಸುಳ್ಳು ಬರೆಯುವವಳೇ ಅಲ್ಲ, ಲೋಪವಾಗಿದೆ ಎಂದಿಲ್ಲ, ಸಾಧ್ಯತೆ ಎಂದಿದೆ, ಇದೆ ಎಂದೂ ಇಲ್ಲ, ತಳ್ಳಿಹಾಕಲಾಗದು ಎಂದಿದೆ, ಗುಬ್ಬಿಯ ಹೆಸರೂ ಇಲ್ಲ, ಸಿಬ್ಬಂದಿ, ಆದರೆ ಮುನ್ನ ಎಂದು ಬರೆದ ಕೈ ನಂತರ ಎಂಬ ಪದವನ್ನು ಬರೆಯಲಿಲ್ಲ, ನಂತರದ ತಪಾಸಣೆ ನಡೆದೇ ಇಲ್ಲವೆಂದು ಎಲ್ಲೂ ಇಲ್ಲ, ಬರೆಯದೇ ಬಿಟ್ಟದ್ದು ಸುಳ್ಳಾಗುತ್ತದೆಯೇ, ವ್ಯಾಕರಣದಲ್ಲಂತೂ ಆಗುವುದಿಲ್ಲ. ಗುತ್ತಿಗೆ ಮುಂದುವರಿಸುವ ಸಭೆಯಲ್ಲಿ ನಿರ್ದೇಶಕರು ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು, ನೀವು ಬರೆಯೋದು ಅಂದ್ರೆ ತಕ್ಕಡೀಲಿ ತೂಗಿದ ಹಾಗೆ ಮೇಡಂ ಎಂದು ಮೆಚ್ಚಿಕೊಂಡರು, ಹುಡುಗಿ ಚುರುಕೇ, ಆದ್ರೆ ಕೈ ಹಗುರ ಅನ್ಸುತ್ತೆ, ಸಮುದ್ರದ ಕೆಲಸಕ್ಕೆ ನಿಗಾ ಬೇಕಲ್ವಾ, ಏನಂತೀರಿ, ಇವಳು ಮೇಜಿನ ಮೇಲಿನ ಗಾಜಿನ ಲೋಟವನ್ನು ನೋಡುತ್ತಿದ್ದಳು, ಲೋಟದ ಹೊರಮೈಗೆ ಬೆವರು, ತಣ್ಣೀರು, ಒಂದು ಹನಿ ಕೆಳಗಿಳಿಯುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಸಿಕೊಂಡು, ನಿಮ್ಮ ತೀರ್ಮಾನ ಸರ್, ಅಂದಳು, ಅಷ್ಟೇ, ಮೂರೇ ಪದ, ಅದರಲ್ಲೂ ಸುಳ್ಳಿಲ್ಲ. ಗುಬ್ಬಿ ಹೋಗುವ ದಿನ ಬಂದು ನಿಂತಳು, ಬಾಯಿ ತುಂಬ ಮಾತಿದ್ದವಳು, ಬರ್ತೀನಿ ಮೇಡಂ, ತುಂಬ ಕಲಿತೆ, ಅಂದಳು.

ಸಮ್ಮೇಳನದ ಕಾರ್ಯಕ್ರಮಪಟ್ಟಿ ಬಾರದಿದ್ದರೆ ಇದೆಲ್ಲ ಪೆಟ್ಟಿಗೆಯಲ್ಲೇ ಇರುತ್ತಿತ್ತು, ಹವಾಮಾನ ಮತ್ತು ಸಾಗರ ವಿಜ್ಞಾನದ ಸಮ್ಮೇಳನ, ಇವಳು ವರ್ಷದಿಂದ ಕಾದದ್ದು, ಹೊಸ ಸೀರೆಗೆ ಅಂಚು ಹೊಲಿಸಿಟ್ಟದ್ದು, ತನ್ನ ಹೆಸರು ಹುಡುಕುತ್ತಾ ಬೆರಳು ಇಳಿಸಿಕೊಂಡು ಹೋದರೆ, ತನ್ನ ಭಾಷಣಕ್ಕೆ ಸ್ವಲ್ಪ ಮುಂಚೆ, ಅದೇ ಗೋಷ್ಠಿಯಲ್ಲಿ, ಪಕ್ಕದ ಕೊಲ್ಲಿಯ ತಂಡ — ತಳಕ್ಕೆ ನುಗ್ಗಿದ ಬೆಚ್ಚನೆಯ ನೀರು ಮತ್ತು ಚಿಪ್ಪುಜೀವಿಗಳ ಸಾವು. ಕಳೆದ ಋತು. ಅದೇ ವಾರಗಳು. ಬೆರಳು ಅಲ್ಲೇ ನಿಂತಿತು, ಚಿಪ್ಪು ಸಾಕುವವರು ಹಗ್ಗ ಎತ್ತಿದ ಮೇಲೆ ಒಮ್ಮೆ ಬಂದಿದ್ದರು, ಮೇಡಂ ಒಂದೊಂದೂ ಬಾಯಿ ಬಿಟ್ಕೊಂಡು ಸತ್ತು ಬಿದ್ದಿವೆ, ನೀರಲ್ಲೇನಾದ್ರೂ ಇದೆಯಾ ನೋಡಿ, ಏನೂ ಕಾಣಲ್ಲಪ್ಪ, ಯಾವುದೋ ರೋಗ ಇರ್ಬೇಕು ಅಂದಿದ್ದಳು, ಕಾಣುವುದು ಪೆಟ್ಟಿಗೆಯಲ್ಲಿತ್ತು, ಚೀಟಿಯ ಕೆಳಗೆ. ಅವರು ಭಾಷಣ ಮುಗಿಸುತ್ತಾರೆ, ಇವಳು ಎದ್ದು ತನ್ನ ಗೆರೆ ತೋರಿಸುತ್ತಾಳೆ, ನಯವಾದ ಗೆರೆ, ತಳದ ಜಾಗ ಖಾಲಿ, ಸಭೆಯ ಮಧ್ಯದಿಂದ ಯಾರೋ ಒಬ್ಬರು, ಯಾವಾಗಲೂ ಒಬ್ಬರಿರುತ್ತಾರೆ, ಕನ್ನಡಕ ಹಣೆಗೇರಿಸಿಕೊಂಡು, ನಿಮ್ಮ ತಳದ ಮಾಪಕ ಏನಂತು ಎಂದು ಕೇಳುತ್ತಾರೆ, ಅದು ಕೆಟ್ಟಿತ್ತು, ಕೆಟ್ಟಿತ್ತು ಅಂತ ಹೇಗೆ ಗೊತ್ತಾಯ್ತು. ಹೇಗೆ ಗೊತ್ತಾಯಿತು. ಆ ಪ್ರಶ್ನೆಯೇ ಇವಳನ್ನು ಇಂದು ಸಂಜೆ ಉಗ್ರಾಣಕ್ಕೆ ನಡೆಸಿಕೊಂಡು ಹೋದದ್ದು, ಎಲ್ಲರೂ ಹೊರಟ ಮೇಲೆ, ಪೆಟ್ಟಿಗೆಯಿಂದ ಟವೆಲಿಗೆ, ಟವೆಲಿನಿಂದ ಕೈಚೀಲಕ್ಕೆ, ಬಸ್ಸಿನಲ್ಲಿ ಪಕ್ಕದ ಹೆಂಗಸು, ಏನ್ರೀ ಇದು, ಇಷ್ಟು ಭಾರ, ಲಟ್ಟಣಿಗೆ ಅಂದುಬಿಟ್ಟಳು, ನೋಡು, ಒಂದು ಸುಳ್ಳು ಸಲೀಸಾಗಿ ಬಂತು.

ಗುಬ್ಬಿ ಸಿಕ್ಕಿದ್ದು ಮೊನ್ನೆ, ಔಷಧಿ ಅಂಗಡಿಯ ಮುಂದೆ, ಇವಳು ಅಮ್ಮನ ಮಾತ್ರೆಗೆ ನಿಂತಿದ್ದಳು, ಬೆನ್ನ ಹಿಂದಿನಿಂದ ಮೇಡಂ ಎಂದ ದನಿಗೆ ತಿರುಗಿದಳು, ಹೆಗಲಿಗೊಂದು ದೊಡ್ಡ ಚೀಲ, ಕೊರಳಿಗೊಂದು ಕಂಪನಿಯ ಪಟ್ಟಿ, ಮನೆಮನೆಗೆ ಹೋಗಿ ನೀರು ಪರೀಕ್ಷೆ ಮಾಡಿ ಶುದ್ಧೀಕರಣದ ಯಂತ್ರ ಮಾರುವ ಕೆಲಸ, ಈಗ ನಲ್ಲಿ ನೀರಿನ ಸಾಗರಶಾಸ್ತ್ರ ಮೇಡಂ, ಅಲೆಯಿಲ್ಲ, ವಾಂತಿಯಿಲ್ಲ, ನಾಯಿ ಮಾತ್ರ ಇವೆ, ನಕ್ಕಳು, ಇವಳೂ ನಕ್ಕಳು, ಮುಖದ ಚರ್ಮ ಎಳೆದುಕೊಂಡ ಹಾಗೆ, ಸಮ್ಮೇಳನಕ್ಕೆ ಹೋಗ್ತಿದೀರಂತೆ, ಒಳ್ಳೇದಾಗ್ಲಿ, ನಮ್ಮ ಹಗ್ಗದ್ದೇ ಅಲ್ವಾ ಮೇಡಂ, ಹೂಂ, ಅದೇ, ನಮ್ಮ ಹಗ್ಗ ಎಂದಳು ಅವಳು, ಅಮ್ಮ ಹೇಗಿದಾರೆ, ಇದಾರೆ, ಬಾಯಿ ಚೆನ್ನಾಗಿದೆ, ಮಂಡಿ ಚೆನ್ನಾಗಿಲ್ಲ, ಹೊರಡುತ್ತಾಳೆ ಅಂದುಕೊಂಡರೆ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತಳು, ಮೇಡಂ, ಆ ಮೂರನೇದು ಏನಾಯ್ತು ಆಮೇಲೆ, ಏನಾಗೋದು, ಇದೆ ಪೆಟ್ಟಿಗೇಲಿ, ಅಲ್ಲ, ನಾನು ಎಲ್ಲಿ ತಪ್ಪಿದೆ ಅಂತ ಇನ್ನೂ ಹೊಳೀತಿಲ್ಲ ಮೇಡಂ, ತೊಟ್ಟಿಗೆ ಹಾಕಿದ್ದೆ, ಕಲಕೋ ಮೋಟಾರು ಹಾಕಿದ್ದೆ, ಮೂರೂ ಒಂದೇ ತೋರಿಸಿತ್ತು, ಕಣ್ಣಾರೆ ನೋಡಿದ್ದೆ, ಈಗ ನೋಡಿದ್ನೋ ಇಲ್ವೋ ಅಂತಾನೇ ಅನುಮಾನ, ನಗ್ಬೇಡಿ, ಈಗ ಮನೆಯಿಂದ ಹೊರಟ್ರೆ ಗ್ಯಾಸ್ ಆಫ್ ಮಾಡಿದ್ನಾ ಅಂತ ವಾಪಸ್ ಹೋಗ್ತೀನಿ, ಬೀಗ ಎಳೆದು ನೋಡ್ತೀನಿ, ಬಸ್ ಸ್ಟಾಪಿಂದ ಮತ್ತೆ ವಾಪಸ್, ನನ್ನ ತಂಗಿ ಅಂತೂ ನಂಗೆ ಲೋಪ ಅಂತ ಹೆಸರಿಟ್ಟಿದಾಳೆ, ಲೋಪಕ್ಕಾ, ಊಟಕ್ಕೆ ಬಾ ಅಂತಾಳೆ. ಲೋಪ. ಆ ವಾಕ್ಯ ಅವಳವರೆಗೂ ಹೋಗಿದೆ, ಅವಳ ಮನೆಯ ಅಡುಗೆಮನೆಯವರೆಗೂ, ಅಲ್ಲಿ ತಂಗಿಯ ಬಾಯಲ್ಲಿ ತಮಾಷೆಯಾಗಿ ಕೂತಿದೆ — ಹಾಗೆಲ್ಲ ಯೋಚ್ನೆ ಮಾಡ್ಬೇಡ ಕಣೇ, ಆಗುತ್ತೆ, ಯಂತ್ರ ಅಂದ್ಮೇಲೆ, ಎಂದಳು ಇವಳು, ತಾಯಿಯಂತೆ ಅವಳ ತೋಳು ತಟ್ಟಿ, ತೋಳು ತಟ್ಟಿದ ಕೈ ಯಾವುದು, ಇದೇ ಕೈ.

ಪಂಪು ನಿಲ್ಲಿಸಿದಳು. ಸಾಕು, ಸಂಜೆಯಿಂದ ಒಮ್ಮೆ ಫ್ರಿಜ್ಜಿನ ಐಸು ಹಾಕಿ ತಣ್ಣಗೆ, ಈಗ ಮನೆಯ ಹದಕ್ಕೆ, ಒಂದೊಂದಾಗಿ ಒರೆಸಿ, ವೈರು ಸಿಕ್ಕಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನ ಬೆಳಕು, ಮೊದಲನೆಯದು, ಹಸಿರು ಗೆರೆ, ಎರಡನೆಯದು, ನೀಲಿ, ಹಸಿರಿನ ಮೇಲೆ ಕೂತಿತು, ಕೆಟ್ಟಿರಲಿ, ಕೆಟ್ಟಿರಲಿ ದೇವರೇ, ಜೀವಮಾನದಲ್ಲಿ ಯಾವ ಸಾಧನವೂ ಕೆಟ್ಟಿರಲೆಂದು ಬೇಡಿದವಳಲ್ಲ, ಮೂರನೆಯದು, ಕೆಂಪು — ಎಲ್ಲಿ ಕೆಂಪು, ಕಾಣುತ್ತಿಲ್ಲ, ಓದಿಲ್ಲವೇನೋ, ಇಲ್ಲ, ಓದಿದೆ, ಹಸಿರಿನ ಮೇಲೆ ನೀಲಿ, ನೀಲಿಯ ಮೇಲೆ ಕೆಂಪು, ಮೂರೂ ಸೇರಿ ಒಂದೇ ಗೆರೆ, ಐಸು ಬಿದ್ದಲ್ಲಿ ಮೂರೂ ಇಳಿದಿವೆ, ಕರಗಿದಂತೆ ಮೂರೂ ಏರಿವೆ, ಒಂದು ಕೂದಲೆಳೆ ಬಿಡುವಿಲ್ಲದೆ. ಸಮುದ್ರದಲ್ಲಿ ಕೆಟ್ಟು ದಡಕ್ಕೆ ಬಂದ ಮೇಲೆ ಸರಿಹೋಗಿರಬಹುದಲ್ಲ, ವೈದ್ಯರ ಬಾಗಿಲಿಗೆ ಬಂದೊಡನೆ ಜ್ವರ ಬಿಡುವ ಮಗುವಿನ ಹಾಗೆ, ಛೇ, ಯಾರಿಗೆ ಹೇಳುತ್ತಿದ್ದೀ, ವಾರಗಟ್ಟಲೆ ಪಕ್ಕದ ಕೊಲ್ಲಿಯ ಸಾಧನಗಳ ಜೊತೆ ತಾಳ ಹಾಕಿ ಕೆಟ್ಟಿತೇ, ನೀರು ಬೆಚ್ಚಗಿತ್ತು, ಸೆನ್ಸರು ಸರಿಯಿತ್ತು, ಗುಬ್ಬಿಯ ತೊಟ್ಟಿ ಸರಿಯಿತ್ತು, ಗುಬ್ಬಿಯ ಕೈ ಸರಿಯಿತ್ತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವಳು ಹಾಕಿದ ಬಾಗಿಲು ಬಚ್ಚಲುಮನೆಯದು.

ಫೋನು ಕೈಗೆ ಬಂತು, ಗುಬ್ಬಿ ಎಂದೇ ಇದೆ ಹೆಸರು, ನಿಜವಾದ ಹೆಸರು ಹಾಕಿಕೊಳ್ಳಲೇ ಇಲ್ಲ, ಒತ್ತಿದರೆ ಆಯಿತು, ಎದ್ದೇ ಇರುತ್ತಾಳೆ, ಬೀಗ ಎಳೆದು ನೋಡುತ್ತಾ, ನೀನು ಸರಿಯಿದ್ದೆ ಕಣೇ, ಇಷ್ಟೇ, ಮೂರೇ ಪದ, ಗ್ಯಾಸು ಆಫ್ ಮಾಡಿದ್ದೀಯ, ಬೀಗ ಬಿದ್ದಿದೆ, ಹೋಗಿ ಮಲಗು — ಆಮೇಲೆ ಅವಳು ಕೇಳುತ್ತಾಳೆ, ಹಾಗಾದ್ರೆ ನಂತರ ತೊಟ್ಟಿಗೆ ಯಾಕೆ ಹಾಕ್ಲಿಲ್ಲ ಮೇಡಂ, ಕೇಳುವುದಿಲ್ಲ, ಕೇಳುವವಳಲ್ಲ, ಅದೇ ಇನ್ನೂ ಕಷ್ಟ, ತಂಗಿಗೆ ಹೇಳುತ್ತಾಳೆ, ಕುಣಿಯುತ್ತಾ ಹೇಳುತ್ತಾಳೆ, ಮಾತು ನಿರ್ದೇಶಕರ ಮೇಜಿಗೆ ಬರುತ್ತದೆ, ಅದೇ ಮೇಜು, ಅದೇ ಲೋಟ, ಮೇಡಂ ನೀವೇ ಬರ್ದಿದ್ರಲ್ಲ — ಬೆರಳು ಹೆಸರಿನ ಮೇಲೆ ತೂಗಿತು. ಬೇರೆ ವಾಕ್ಯ ಆಗಲೇ ಬರುತ್ತಿದೆ, ಬೇಡವೆಂದರೂ ಸಾಲುಗಟ್ಟಿ, ಹದವಾಗಿ, ಮರುಪರಿಶೀಲನೆಯ ನಂತರ ತಳದ ಮಾಪಕದ ದತ್ತಾಂಶವು ವಿಶ್ವಾಸಾರ್ಹವೆಂದು ಕಂಡುಬಂದಿದ್ದು — ನಂತರ ಎಂಬ ಪದ ಈಗ ಎಷ್ಟು ಸಲೀಸಾಗಿ ಬಂತು — ಅದನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸಲಾಗುತ್ತಿದೆ, ಕೆಟ್ಟದ್ದೆಂಬ ಗುರುತು ತೆಗೆದು ಒಳ್ಳೆಯದೆಂಬ ಗುರುತು, ಕೆಲಸ ಒಂದು ಚಿಟಿಕೆಯಷ್ಟು, ಸಭೆ ಚಪ್ಪಾಳೆ ತಟ್ಟುತ್ತದೆ, ಎರಡು ಕೊಲ್ಲಿಗಳು ಒಂದೇ ಮಾತು ಹೇಳಿದವು ಎಂದು ಪಕ್ಕದ ತಂಡದವರು ಕೈ ಕುಲುಕುತ್ತಾರೆ, ಭೇಷ್ ಮೇಡಂ, ಬಿಡದೆ ಮತ್ತೆ ನೋಡಿದ್ರಲ್ಲ, ನಿಗಾ ಅಂದ್ರೆ ಇದು ಎನ್ನುತ್ತಾರೆ ನಿರ್ದೇಶಕರು, ಸಮುದ್ರಕ್ಕೆ ಸಲ್ಲಬೇಕಾದ ಸತ್ಯ ಸಮುದ್ರಕ್ಕೆ ಸಲ್ಲುತ್ತದೆ, ಮುಂದಿನ ಋತುವಿನಲ್ಲಿ ಚಿಪ್ಪು ಸಾಕುವವರಿಗೆ ಮೊದಲೇ ಹೇಳಬಹುದು, ಅದು ಸಣ್ಣ ಮಾತೇ, ಅಲ್ಲ, ಸಣ್ಣದಲ್ಲ, ಯಾರೂ ಕೇಳುವುದಿಲ್ಲ, ಮೊದಲು ಇದನ್ನು ಯಾರು ಕಂಡರೆಂದು ಯಾವ ಗೋಷ್ಠಿಯಲ್ಲೂ ಯಾರೂ — ಏನಂತೇ ನಿನ್ನ ಯಂತ್ರ, ಒಳಕೋಣೆಯಿಂದ ಅಮ್ಮ, ಇಷ್ಟೊತ್ತು ಸ್ನಾನ ಮಾಡಿಸ್ದೆಯಲ್ಲ, ಏನಾದ್ರೂ ಅಂತಾ, ಏನಿಲ್ಲಮ್ಮ, ಏನೂ ಅನ್ಲಿಲ್ಲ. ಹೇಳಿದ ಮೇಲೆ ಗೊತ್ತಾಯಿತು, ತೀರ್ಮಾನ ಆಗಲೇ ಆಗಿಹೋಗಿದೆ, ಹೇಳದಿರುವುದು ಅಮ್ಮನಿಂದಲೇ ಶುರುವಾಗಿದೆ, ಅಮ್ಮನಿಗಿಲ್ಲ, ನಿರ್ದೇಶಕರಿಗಿಲ್ಲ, ಔಷಧಿ ಅಂಗಡಿಯ ಮುಂದೆ ಮತ್ತೆ ಸಿಕ್ಕರೆ ಅವಳಿಗೂ ಇಲ್ಲ, ಯಾರಿಗೂ ಇಲ್ಲ. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಬಚ್ಚಲಿಗೆ ಹೋದಳು, ಟಬ್ಬು ಬಗ್ಗಿಸಬೇಕು, ಬೆಳಗ್ಗೆ ಅಮ್ಮ ಎಡವುತ್ತಾಳೆ, ದಾರದ ಮೇಲೆ ಹನಿ ಸದ್ದಿಲ್ಲದೆ ಇಳಿಯುತ್ತಲೇ ಇದೆ, ಬಗ್ಗಿಸುವ ಮುಂಚೆ, ಯಾಕೋ, ತೋಳು ಮೇಲೆಳೆದುಕೊಂಡು ನೀರಿಗೆ ಕೈ ಇಟ್ಟಳು, ಬರಿಗೈ, ಬೆಚ್ಚಗೂ ಇಲ್ಲ, ತಣ್ಣಗೂ ಇಲ್ಲ, ಏನೂ ತಿಳಿಯುವುದಿಲ್ಲ ಈ ಕೈಗೆ, ಮೇಲೆತ್ತಿದರೆ ಒರೆಸಿಕೊಳ್ಳಲು ಟವೆಲಿಲ್ಲ, ಟವೆಲು ಸೆನ್ಸರಿಗೆ ಸುತ್ತಿದೆ, ಕತ್ತಲಲ್ಲಿ ಹಾಗೇ ನಿಂತಳು, ಬಿಸಿಲು, ಕಾದ ಮರ, ನಗು, ಚಾಚಿದ ಕೈ, ಅಂಗೈ ಮೇಲಾಗಿ, ಸಣ್ಣ ಕೈ, ಒದ್ದೆ, ನಡುಬೆರಳಿನ ತುದಿಯಲ್ಲಿ ಒಂದು ಹನಿ, ಬೀಳದ ಹನಿ —